ಜೀಪಿನಲ್ಲಿ ಬಂದು ಜೀಪಿನಲ್ಲೇ ಹೋದ ಆಟಿಕೆಗಳು

ಮಕ್ಕಳ ಬೆಳವಣಿಗೆಯ ಬಗ್ಗೆ ಯಾರಾದರೂ ಮೈಕ್ ಹಿಡಿದು ಮಾತನಾಡಲು ಶುರುಮಾಡಿದರೆ ನಾನು ಎದ್ದು ಹೊರಗೆ ಹೋಗುತ್ತೇನೆ. ಮಗುವಿನ ದೇಹ, ಮನಸ್ಸು, ಬುದ್ಧಿ ಎಲ್ಲವೂ ಒಟ್ಟಿಗೆ ಅರಳಬೇಕು ಎಂದು ಅವರು ಹೇಳುವುದರಲ್ಲಿ ತಪ್ಪೇನೂ ಇಲ್ಲ. ನಾನೂ ಅದನ್ನೇ ಕಲಿತು ಬಂದವಳು, ಈಗಲೂ ಅದನ್ನೇ ನಂಬುವವಳು. ಆದರೆ ಆ ಮಾತು ಕಿವಿಗೆ ಬಿದ್ದ ಕೂಡಲೇ ಬಾಳೂರಿನ ಆಚೆಗಿನ ಒಂದು ಕಾಫಿ ತೋಟದ ಕತ್ತಲೆ ಕೋಣೆ ಕಣ್ಣ ಮುಂದೆ ಬರುತ್ತದೆ. ಹೊಟ್ಟೆಯಲ್ಲಿ ಬೆಂಕಿ ಏಳುತ್ತದೆ. ಇಷ್ಟು ವರ್ಷ ಕಳೆದರೂ ಅದು ಆರಿಲ್ಲ. ಆರಿಸಿಕೊಳ್ಳಬೇಕು ಎಂದೂ ನನಗೆ ಅನ್ನಿಸಿಲ್ಲ.

ನಮ್ಮದು ಕಳಸ. ಬಸ್ ಸ್ಟ್ಯಾಂಡಿನಿಂದ ಸ್ವಲ್ಪ ಕೆಳಗೆ, ರಸ್ತೆ ಬದಿಯಲ್ಲೇ ಅಬ್ಬನ ಗ್ಯಾರೇಜ್ ಇತ್ತು. ಸುತ್ತಲಿನ ತೋಟಗಳ ಜೀಪುಗಳು ಕೆಟ್ಟರೆ ಅಬ್ಬನ ಹತ್ತಿರವೇ ಬರಬೇಕು. ನಾನು ಎಸ್ಸೆಸ್ಸೆಲ್ಸಿ ಪಾಸು ಮಾಡಿದಾಗ ಎಪ್ಪತ್ತರ ದಶಕ ಅರ್ಧ ಕಳೆದಿತ್ತು. ನಮ್ಮ ಕುಟುಂಬದಲ್ಲಿ ಅಷ್ಟು ಓದಿದ ಹುಡುಗಿ ನಾನೇ ಮೊದಲು. ಚಿಕ್ಕಮಗಳೂರಿನಲ್ಲಿ ಬಾಲವಾಡಿ ಶಿಕ್ಷಕಿಯರಿಗೆ ತರಬೇತಿ ಕೊಡುತ್ತಾರೆ ಎಂದು ಗೊತ್ತಾದಾಗ ಅಮ್ಮಿ ಬೇಡವೇ ಬೇಡ ಎಂದರು. ಅಬ್ಬ ಕೈಯೊರೆಸಿಕೊಂಡು ಬಂದು ನನ್ನ ಟ್ರಂಕನ್ನು ಬಸ್ಸಿನ ಮೇಲೆ ಹತ್ತಿಸಿದರು.

ತರಬೇತಿ ಕೊಟ್ಟವರು ತಲೆ ನರೆತ ಒಬ್ಬ ಟೀಚರ್. ಮೊದಲ ದಿನವೇ ನಮ್ಮನ್ನೆಲ್ಲ ಮಂಡಿಯೂರಿಸಿ ಇಡೀ ಕೋಣೆ ಸುತ್ತಿಸಿದರು. ದೊಡ್ಡ ಹುಡುಗಿಯರು ನಾವು, ಸೀರೆ ಸಿಕ್ಕಿಹಾಕಿಕೊಂಡು ನಗುತ್ತ ಸುತ್ತಿದೆವು.

"ಏನು ಕಾಣ್ತು?" ಎಂದು ಕೇಳಿದರು.

"ಮೇಜಿನ ಕಾಲು, ಕುರ್ಚಿ ಕಾಲು, ನಿಮ್ಮ ಚಪ್ಪಲಿ," ಎಂದೆವು.

"ಮಗು ದಿನಾ ನೋಡೋದು ಅಷ್ಟನ್ನೇ. ಇನ್ಮೇಲೆ ನೀವು ಯಾವ ಕೋಣೆಗೆ ಹೋದ್ರೂ ಮೊದಲು ಕೆಳಗೆ ಕೂತು ನೋಡಿ," ಎಂದರು.

ಅಕ್ಷರ ಕಲಿಸುವುದನ್ನು ಅವರು ಕೊನೆಗೆ ಇಟ್ಟಿದ್ದರು. ಮೊದಲು ಹೊಟ್ಟೆ, ನಿದ್ದೆ, ನೀರು, ಮಣ್ಣು, ಹಾಡು, ಓಟ. ಮಗು ಹೆದರದೆ ಇರುವುದು ಎಲ್ಲಕ್ಕಿಂತ ಮೊದಲು. ನಾನು ಅದನ್ನೆಲ್ಲ ತಲೆಯಲ್ಲಿ ತುಂಬಿಕೊಂಡು, ಲೋಕವನ್ನೇ ಬದಲಾಯಿಸುವವಳ ಹಾಗೆ ಊರಿಗೆ ಬಂದೆ.

ತೋಟದಲ್ಲಿ ಕೆಲಸ ಸಿಕ್ಕಿತು. ಕೂಲಿ ಹೆಂಗಸರು ಕೆಲಸಕ್ಕೆ ಹೋದಾಗ ಅವರ ಮಕ್ಕಳನ್ನು ನೋಡಿಕೊಳ್ಳಲು ದೊಡ್ಡ ತೋಟಗಳಲ್ಲಿ ಒಂದು ಮಕ್ಕಳ ಮನೆ ಇರಲೇಬೇಕು ಎಂದು ಕಾನೂನಿತ್ತು. ಬೆಳಗಿನ ಬಸ್ಸಿಗೆ ಕಳಸದಿಂದ ಹೊರಟು, ತೋಟದ ಗೇಟಿನ ಹತ್ತಿರ ಇಳಿದು, ಸಿಲ್ವರ್ ಮರಗಳ ನಡುವಿನ ಮಣ್ಣುದಾರಿಯಲ್ಲಿ ನಡೆದು ಹೋಗುತ್ತಿದ್ದೆ. ಸಂಜೆ ಅದೇ ದಾರಿಯಲ್ಲಿ ವಾಪಸು.

ಮಕ್ಕಳ ಮನೆ ಎಂದರೆ ಒಂದೇ ಕೋಣೆ. ಒಂದು ಪಕ್ಕದಲ್ಲಿ ಗೊಬ್ಬರದ ಗೋಡೌನು, ಇನ್ನೊಂದು ಪಕ್ಕದಲ್ಲಿ ಲೆಕ್ಕಪತ್ರ ನೋಡುವ ರೈಟರ ಆಫೀಸು. ಕಿಟಕಿ ಒಂದೇ, ಅದೂ ನನ್ನ ತಲೆಗಿಂತ ಮೇಲೆ. ನಾನು ಹೋದ ದಿನ ಒಳಗೆ ಇಪ್ಪತ್ತಕ್ಕೂ ಹೆಚ್ಚು ಮಕ್ಕಳು ಗೋಡೆಗೆ ಒರಗಿ, ಕೈಕಟ್ಟಿ, ಸಾಲಾಗಿ ಕೂತಿದ್ದರು. ತೀರಾ ಸಣ್ಣವು ಹಳೇ ಸೀರೆಯ ಜೋಲಿಗಳಲ್ಲಿದ್ದವು. ಬಾಗಿಲ ಬಳಿ ಒಬ್ಬರು ಆಯಾ ಅಜ್ಜಿ, ಅವರ ತೊಡೆಯ ಮೇಲೆ ಒಂದು ಬಿದಿರಿನ ಸೀಳು. ಅಷ್ಟು ಮಕ್ಕಳಿದ್ದ ಕೋಣೆಯಲ್ಲಿ ಒಂದು ನೊಣ ಹಾರಿದರೂ ಕೇಳಿಸುತ್ತಿತ್ತು. 

ರೈಟರು ಬಾಗಿಲಲ್ಲೇ ನಿಂತು ಹೆಮ್ಮೆಯಿಂದ ಹೇಳಿದರು:

"ನೋಡಿ ಟೀಚರಮ್ಮ, ಎಷ್ಟು ಶಿಸ್ತು! ನಿಮ್ಮ ಕೆಲ್ಸ ಇಷ್ಟೇ. ಸದ್ದು ಬರ್ಬಾರ್ದು. ನಂಗೆ ಪಕ್ಕದಲ್ಲೇ ಲೆಕ್ಕ ಬರೀಲಿಕ್ಕಿರ್ತದೆ."

ತರಬೇತಿಯಲ್ಲಿ ಕಲಿಸಿದ್ದ ಹಾಗೆ ನಾನು ಕೆಳಗೆ ಕೂತೆ. ಮಕ್ಕಳ ಕಣ್ಣಿನ ಎತ್ತರದಿಂದ ನೋಡಿದರೆ ಆಕಾಶ ಕಾಣಿಸುತ್ತಿರಲಿಲ್ಲ, ಮರ ಕಾಣಿಸುತ್ತಿರಲಿಲ್ಲ. ಗೋಡೆ ಕಾಣಿಸುತ್ತಿತ್ತು. ಗೋಡೌನಿನ ಕಡೆಯ ಗೋಡೆಯ ಬುಡದಲ್ಲಿ ಒಂದು ಬಿರುಕಿತ್ತು. ಅದರಿಂದ ನೀಲಿ ಪುಡಿ ಉದುರಿ ನೆಲದ ಮೇಲೆ ಗೆರೆಯಾಗಿತ್ತು. ಗಿಡಗಳಿಗೆ ಹೊಡೆಯುವ ಔಷಧಿಗೆ ಬೆರೆಸುವ ಮೈಲುತುತ್ತು ಅದು. ವಿಷ. ಆ ಗೆರೆಯ ಪಕ್ಕದಲ್ಲೇ ನಾಲ್ಕು ವರ್ಷದ ಒಬ್ಬ ಹುಡುಗಿ ಕೂತಿದ್ದಳು. ಅವಳ ಬೆರಳ ತುದಿ ನೀಲಿಯಾಗಿತ್ತು. ತುಟಿಯ ಅಂಚೂ ನೀಲಿಯಾಗಿತ್ತು.

ಅವಳನ್ನು ಎತ್ತಿಕೊಂಡು ಹೊರಗೆ ಓಡಿ, ನಲ್ಲಿಯ ಕೆಳಗೆ ಬಾಯಿ ತೊಳೆದೆ. ಮೈ ತೊಳೆದೆ. ಮಗು ಅಳಲಿಲ್ಲ. ಅದು ನನ್ನನ್ನು ಇನ್ನಷ್ಟು ಹೆದರಿಸಿತು. ತಣ್ಣೀರು ಮುಖಕ್ಕೆ ಬಿದ್ದರೆ ಅಳಬೇಕಾದ ವಯಸ್ಸು ಅದು.

ರೈಟರ ಹತ್ತಿರ ಹೋಗಿ ಹೇಳಿದೆ. ಅವರು ಪೆನ್ನು ಕೆಳಗಿಡದೆ, "ಅದೆಲ್ಲ ಹಿಂದಿನಿಂದ ಅಲ್ಲೇ ಇರೋದು. ಯಾವ ಮಗೂಗೂ ಎಂತದ್ದೂ ಆಗಿಲ್ಲ," ಎಂದರು.

"ಆಗೋವರೆಗೆ ಕಾಯ್ಬೇಕಾ ಸಾರ್?"

"ನೀವು ಹೊಸಬ್ರು," ಎಂದರು. ಅಷ್ಟೇ ಉತ್ತರ.

ಆ ದಿನ ನಾನೇ ಮಣ್ಣು ಕಲಸಿ ಆ ಬಿರುಕನ್ನು ಮುಚ್ಚಿದೆ. ಒಣಗಿ ಉದುರಿದಾಗೆಲ್ಲ ಮತ್ತೆ ಮುಚ್ಚಿದೆ.

ಆ ಹುಡುಗಿ ಮಾತನಾಡುತ್ತಿರಲಿಲ್ಲ. ಮೂಗಿಯಲ್ಲ, ಕಿವುಡಿಯೂ ಅಲ್ಲ. ಮನೆಯಲ್ಲಿ ಪಟಪಟ ಮಾತನಾಡುತ್ತಾಳೆ ಎಂದು ಅವಳ ಅಮ್ಮ ಹೇಳಿದಳು. ಅವರು ಘಟ್ಟದ ಕೆಳಗಿನಿಂದ ಬಂದವರು, ಮನೆಯ ಮಾತು ತುಳು. ಅಮ್ಮ ಒಂಟಿ ಹೆಂಗಸು, ಕೂಲಿಯವರಿಗೆಂದು ಸಾಲಾಗಿ ಕಟ್ಟಿದ ಲೈನು ಮನೆಯಲ್ಲಿ ಇವಳೊಬ್ಬಳೇ ಜೊತೆ. ತೋಟದಲ್ಲಿ ಕಾಫಿ ಕೊಯ್ಯುವುದರಲ್ಲಿ ಅವಳನ್ನು ಮೀರಿಸಿದವರಿಲ್ಲ ಎಂದು ಆಳುಗಳ ಕೆಲಸ ನೋಡುವ ಮೇಸ್ತ್ರಿಯೇ ಹೇಳುತ್ತಿದ್ದ. ಬೆಳಿಗ್ಗೆ ಮಗುವನ್ನು ಬಾಗಿಲಲ್ಲಿ ಇಳಿಸಿ, ಹಿಂದೆ ತಿರುಗಿ ನೋಡದೆ ಓಡುತ್ತಿದ್ದಳು. ನೋಡಿದರೆ ಹೋಗಲಿಕ್ಕಾಗುವುದಿಲ್ಲ ಎಂದು ಒಮ್ಮೆ ನನ್ನ ಹತ್ತಿರ ಹೇಳಿದ್ದಳು.

ಬಿದಿರಿನ ಸೀಳಿನ ಭಯದಲ್ಲಿ, ತನ್ನ ಭಾಷೆಯಲ್ಲಿ ಯಾರೂ ಮಾತಾಡಿಸದ ಕಡೆ, ಆ ಮಗು ಬಾಗಿಲು ದಾಟಿದ ಕೂಡಲೇ ಬಾಯಿಗೆ ಬೀಗ ಹಾಕಿಕೊಳ್ಳುತ್ತಿತ್ತು. ಅದನ್ನೇ ಅಲ್ಲಿ ಎಲ್ಲರೂ ಒಳ್ಳೆಯ ಬುದ್ಧಿ ಎಂದು ಹೊಗಳುತ್ತಿದ್ದರು. "ಈ ಮಗು ಇದ್ದದ್ದೇ ಗೊತ್ತಾಗುದಿಲ್ಲ ಟೀಚ್ರೇ," ಎಂದು ಆಯಾ ಅಜ್ಜಿ ಮೆಚ್ಚಿ ಹೇಳಿದರು.

ಕೆಲಸಕ್ಕೆ ಸೇರಿ ಕೆಲವು ವಾರಗಳಾಗಿರಬೇಕು. ಒಂದು ಸಂಜೆ ಇಬ್ಬರು ಆಳುಗಳು ಬಂದು ಕೋಣೆಗೆ ಸುಣ್ಣ ಹೊಡೆಯತೊಡಗಿದರು. ಮೈಲುತುತ್ತಿನ ಚೀಲಗಳನ್ನು ಲಾರಿಗೆ ತುಂಬಿ ಎಲ್ಲಿಗೋ ಸಾಗಿಸಿದರು. ನನ್ನ ಮಾತು ಕೊನೆಗೂ ಕೇಳಿಸಿತು ಎಂದು ನಾನು ಎಷ್ಟು ಖುಷಿಪಟ್ಟೆ! ಮರುದಿನ ಬೆಳಿಗ್ಗೆ ತೋಟದ ಧಣಿಗಳ ಬಂಗಲೆಯ ಜೀಪು ಬಾಗಿಲಿಗೆ ಬಂತು. ಡ್ರೈವರ್ ಹಿಂದಿನಿಂದ ಒಂದೊಂದೇ ಸಾಮಾನು ಇಳಿಸಿದ. ಬಣ್ಣದ ಚಾಪೆಗಳು. ತೂಗಾಡುವ ಒಂದು ಮರದ ಕುದುರೆ. ಕಣ್ಣು ಮುಚ್ಚಿ ತೆರೆಯುವ ಗೊಂಬೆ. ದೊಡ್ಡ ಕೆಂಪು ಚೆಂಡು. ತಗಡಿನ ಡೋಲು, ಚಾವಿ ಕೊಟ್ಟರೆ ಓಡುವ ರೈಲು. ಎಲ್ಲ ಧಣಿಗಳ ಮೊಮ್ಮಕ್ಕಳದು.

"ಮುಟ್ಲಿಕ್ಕೆ ಬಿಡ್ಬೇಡಿ ಟೀಚ್ರೇ," ಎಂದ ಡ್ರೈವರ್. "ಸಾಹೇಬ್ರು ಬಂದಾಗ ಮಾತ್ರ ಕೈಗೆ ಕೊಡಿ. ಮುರಿದ್ರೆ ಅಮ್ಮಾವ್ರು ನನ್ನ ಚರ್ಮ ಸುಲೀತಾರೆ."

ಲೇಬರ್ ಇನ್ಸ್‌ಪೆಕ್ಟರು ತನಿಖೆಗೆ ಬರುವ ದಿನ ಅದು ಎಂದು ನನಗೆ ಆಗ ತಿಳಿಯಿತು.

ಇನ್ಸ್‌ಪೆಕ್ಟರು ಬರುವುದು ತಡವಾಯಿತು. ಮಕ್ಕಳು ಕೈಕಟ್ಟಿ ಕೂತು ಆ ಕುದುರೆಯನ್ನೇ ನೋಡುತ್ತಿದ್ದರು. ಎಷ್ಟು ಹೊತ್ತು ಹಾಗೆ ನೋಡಿಸುವುದು? ನನಗೆ ತಡೆಯಲಾಗಲಿಲ್ಲ. "ಬನ್ನಿ, ಆಡಿ," ಎಂದೆ. ಒಂದು ಮಗುವೂ ಏಳಲಿಲ್ಲ. ಆಯಾ ಅಜ್ಜಿಯ ಕಡೆ ನೋಡಿದವು. ನಾನು ಬಿದಿರಿನ ಸೀಳನ್ನು ತೆಗೆದು ಹೊರಗೆ ಎಸೆದು ಬಂದೆ. ಆಗ ಮೊದಲು ಎದ್ದವಳು ಆ ಮಾತಾಡದ ಹುಡುಗಿ. ನೆಟ್ಟಗೆ ಹೋಗಿ ಕುದುರೆಯ ಕುತ್ತಿಗೆ ಸವರಿದಳು. ಹತ್ತಿ ಕೂತಳು. ಕುದುರೆ ತೂಗಿತು. ಅವಳು ಬೆಚ್ಚಿದಳು, ಮತ್ತೆ ತೂಗಿದಳು. ಆಮೇಲೆ ಅವಳ ಬಾಯಿಂದ ಮಾತು ಬಂತು.

"ಪೋ! ಪೋ!"

ಹೋಗು ಹೋಗು ಎಂದು ತುಳುವಿನಲ್ಲಿ ಕುದುರೆಯನ್ನು ಅಟ್ಟುತ್ತಿದ್ದಳು. ಇಡೀ ಕೋಣೆ ಗಲಗಲ ಎಂದಿತು. ಡೋಲು ಬಡಿದರು, ಚೆಂಡು ಉರುಳಿಸಿದರು, ರೈಲಿನ ಹಿಂದೆ ಮೊಣಕಾಲಲ್ಲಿ ಓಡಿದರು. ಆಗಲೇ ಇನ್ಸ್‌ಪೆಕ್ಟರು ಧಣಿಗಳ ಜೊತೆ ಬಾಗಿಲಿಗೆ ಬಂದರು. ಒಳಗೆ ಕಾಲಿಡಲಿಲ್ಲ. "ವೆರಿ ಗುಡ್, ವೆರಿ ಗುಡ್. ಮಕ್ಳು ತುಂಬಾ ಆ್ಯಕ್ಟಿವ್," ಎಂದರು. ಧಣಿಗಳು ನಕ್ಕರು. ಇಬ್ಬರೂ ಬಂಗಲೆಗೆ ಊಟಕ್ಕೆ ಹೋದರು. ನನ್ನನ್ನು ಒಂದು ಮಾತೂ ಕೇಳಲಿಲ್ಲ.

ಅವರ ಜೀಪಿನ ಸದ್ದು ಅಡಗುವ ಮೊದಲೇ ಡ್ರೈವರ್ ಒಳಗೆ ಬಂದ. ಚೆಂಡು ತೆಗೆದ, ಡೋಲು ತೆಗೆದ, ಕೂತಿದ್ದ ಮಕ್ಕಳನ್ನು ಎಬ್ಬಿಸಿ ಚಾಪೆ ಸುತ್ತಿದ. ಹುಡುಗಿ ಕುದುರೆಯ ಕುತ್ತಿಗೆಯನ್ನು ಅಪ್ಪಿಕೊಂಡುಬಿಟ್ಟಳು.

"ಸ್ವಲ್ಪ ಹೊತ್ತು ಬಿಡಪ್ಪ. ಸಂಜೆ ತಗೊಂಡು ಹೋಗು," ಎಂದೆ.

"ಆಗುದಿಲ್ಲ ಟೀಚ್ರೇ. ಈಗ್ಲೇ ತರ್ಬೇಕು ಅಂದಿದ್ದಾರೆ," ಎಂದು ಅವನು ಅವಳ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದ. ಕೆಟ್ಟ ಮನುಷ್ಯನಲ್ಲ ಅವನು. ಅವನ ಮುಖವೂ ಸಣ್ಣದಾಗಿತ್ತು. ಆದರೆ ಬಿಡಿಸಿದ. ಅವಳು ಕಿರುಚಿದ ಕಿರುಚು ನನಗೆ ಈಗಲೂ ಕೇಳಿಸುತ್ತದೆ. ಅದನ್ನು ಕೇಳಿ ಉಳಿದವೂ ಅಳತೊಡಗಿದವು, ಜೋಲಿಯಲ್ಲಿದ್ದವು ಕೂಡ. ರೈಟರು ಗೋಡೆ ಬಡಿದು ಕೂಗಿದರು: "ಸದ್ದು! ಸದ್ದು!"

ಸಂಜೆ ಅವಳ ಅಮ್ಮ ಬಂದಳು. ಮಗು ಮೂಲೆಯಲ್ಲಿ ಬಿಕ್ಕುತ್ತಿತ್ತು. ಏನಾಯಿತು ಎಂದು ಹೇಳಿದೆ. ಅವಳು ಮಗುವನ್ನು ಸೊಂಟಕ್ಕೇರಿಸಿಕೊಂಡು ಸೆರಗಿನಿಂದ ಅದರ ಮುಖ ಒರೆಸಿದಳು.

"ಕೊಡದಿದ್ರೆ ಕೇಳ್ತಿರ್ಲಿಲ್ಲ ಟೀಚ್ರೇ ಇದು. ಇದಕ್ಕೆ ಕುದುರೆ ಅಂದ್ರೆ ಎಂತ ಅಂತಲೇ ಗೊತ್ತಿರ್ಲಿಲ್ಲ," ಎಂದಳು. "ಕೊಟ್ಟು ಕಿತ್ಕೊಂಡ್ರಲ್ಲ. ಮನುಷ್ಯರಾ ಅವರು?"

ಅದಾದ ಮೇಲೆ ಆ ಮಗು ಮತ್ತೆ ಬಾಯಿ ಮುಚ್ಚಿತು. ಉಳಿದ ಮಕ್ಕಳು ಒಂದು ಹೊಸ ಆಟ ಕಟ್ಟಿದರು. ಒಬ್ಬ ಬಾಗಿಲಲ್ಲಿ ನಿಂತು "ವೆರಿಗುಡ್ ವೆರಿಗುಡ್" ಎನ್ನುವುದು, ಇನ್ನೊಬ್ಬ ಎಲ್ಲರ ಕೈಯಲ್ಲಿದ್ದ ಎಲೆ, ಕಲ್ಲು, ಕಡ್ಡಿ ಕಿತ್ತುಕೊಂಡು ಓಡುವುದು. ಮೂರು ನಾಲ್ಕು ವರ್ಷದ ಮಕ್ಕಳು! ಲೋಕದ ರೀತಿಯನ್ನು ಅವರಿಗೆ ನಾನು ಕಲಿಸಬೇಕಾಗಿರಲಿಲ್ಲ, ಅದನ್ನು ಆಗಲೇ ಕಲಿಸಿಬಿಟ್ಟಿದ್ದರು. ಮೈಲುತುತ್ತಿನ ಚೀಲಗಳೂ ವಾರದೊಳಗೆ ಗೋಡೌನಿಗೆ ವಾಪಸಾದವು.

ನಾನು ಆ ಸಿಟ್ಟಿನಲ್ಲೇ ವರ್ಷವಿಡೀ ಕೆಲಸ ಮಾಡಿದೆ. ಮಳೆ ಬಿಟ್ಟ ಹೊತ್ತಿಗೆಲ್ಲ ಮಕ್ಕಳನ್ನು ಹೊರಗೆ ಕರೆದುಕೊಂಡು ಹೋದೆ. ಕೋಣೆಯ ಹಿಂದೆ ಸ್ವಲ್ಪ ಜಾಗವಿತ್ತು. ಅಲ್ಲಿ ಮರಳು ಹಾಕಿಸಿ ಎಂದು ಕೇಳಿದೆ, ಹಾಕಿಸಲಿಲ್ಲ. ಹಳ್ಳದ ಬದಿಯಿಂದ ನಾನೂ ಮಕ್ಕಳೂ ತೆಂಗಿನ ಚಿಪ್ಪಿನಲ್ಲಿ ಹೊತ್ತು ತಂದು ಸುರಿದೆವು. ಮಣ್ಣಿನಲ್ಲಿ ಮನೆ ಕಟ್ಟಿದರು, ನೀರು ಹರಿಸಿದರು, ಎಲೆಗಳನ್ನು ಉದ್ದದ್ದು ಗಿಡ್ಡದ್ದು ಎಂದು ಜೋಡಿಸಿದರು. ಅಬ್ಬನಿಗೆ ಹೇಳಿದೆ. ಅವರು ಗ್ಯಾರೇಜಿನ ಹಳೇ ಟಯರೊಂದನ್ನು ಚೆನ್ನಾಗಿ ತೊಳೆದು, ಹಗ್ಗದ ಜೊತೆ ಬಸ್ಸಿನಲ್ಲಿ ಹಾಕಿ ಕಳಿಸಿದರು. ಹಲಸಿನ ಮರಕ್ಕೆ ಉಯ್ಯಾಲೆಯಾಯಿತು.

ಆಯಾ ಅಜ್ಜಿ ಮೊದಮೊದಲು ಬೈದರು. "ಎಂತ ಟೀಚ್ರೇ ಇದು, ಮಕ್ಳೆಲ್ಲ ಮಣ್ಣು ಮಣ್ಣು! ನಾನೇ ತೊಳೀಬೇಕಲ್ಲ." ಆಮೇಲೆ ಒಂದು ಮಧ್ಯಾಹ್ನ ನನಗೆ ತುಳು ಹಾಡು ಬರುವುದಿಲ್ಲವಲ್ಲ ಎಂದು ನಾನು ಹೇಳಿದಾಗ ಅವರೇ ಹಾಡಿದರು. ಮಳೆ, ಏಡಿ, ಗದ್ದೆ ಎಂದೇನೋ ಇತ್ತು ಅದರಲ್ಲಿ. ತುಳು ಮಾತಿನ ಮಕ್ಕಳೆಲ್ಲ ತಲೆ ಎತ್ತಿದವು. ನಮ್ಮ ಹುಡುಗಿ ಜೋಲಿಯ ಹಿಂದಿನಿಂದ ಎದ್ದು ಬಂದು ಅಜ್ಜಿಯ ತೊಡೆಗೆ ಒರಗಿ ಪೂರ್ತಿ ಹಾಡು ಕೇಳಿ, "ಇನ್ನೊಮ್ಮೆ" ಎಂದಳು, ತನ್ನ ಭಾಷೆಯಲ್ಲಿ. ಮಾರನೇ ವಾರದ ಹೊತ್ತಿಗೆ ಅವಳನ್ನು ಸುಮ್ಮನಿರಿಸುವುದೇ ಕಷ್ಟವಾಯಿತು. ಇರಿಸಲು ನಾನೂ ಹೋಗಲಿಲ್ಲ.

ಅದಕ್ಕೆ ನನಗೆ ಸಿಕ್ಕ ಬಹುಮಾನ ಬೈಗುಳ. ಮಕ್ಕಳ ಗದ್ದಲಕ್ಕೆ ಲೆಕ್ಕ ತಪ್ಪುತ್ತದೆ ಎಂದು ರೈಟರು ದೂರು ಕೊಟ್ಟರು. ಧಣಿಗಳು ಒಂದು ದಿನ ತೋಟ ಸುತ್ತುವಾಗ ಬಂದು, ಉಯ್ಯಾಲೆಯ ಮುಂದೆ ಕೋಲೂರಿ ನಿಂತರು.

"ಏನಮ್ಮಾ, ಇಲ್ಲಿ ಕಾನ್ವೆಂಟ್ ತೆಗ್ದಿದ್ದೀಯಾ?"

"ಮಕ್ಳು ಆಡ್ತಿದ್ದಾರೆ ಸಾರ್. ಆಡ್ತಾನೇ ಕಲೀತಾರೆ."

"ಕಲಿತು ಏನ್ ಮಾಡ್ಬೇಕು? ಕಾಫಿ ಕೊಯ್ಯೋಕೆ ಎರಡು ಕೈ ಇದ್ರೆ ಸಾಕು."

ಅವರ ಮೊಮ್ಮಕ್ಕಳು ಚಿಕ್ಕಮಗಳೂರಿನಲ್ಲಿ ನರ್ಸರಿಗೆ ಹೋಗುತ್ತಿದ್ದರು. ಅಲ್ಲಿ ಜಾರುಬಂಡೆ ಇತ್ತು, ಹೂತೋಟ ಇತ್ತು, ಪಿಯಾನೋ ನುಡಿಸುವ ಟೀಚರ್ ಇದ್ದರು. ಅದನ್ನೆಲ್ಲ ಡ್ರೈವರೇ ನನಗೆ ಹೇಳಿದ್ದ. ಮಗುವಿಗೆ ಏನು ಬೇಕು ಎಂದು ಈ ಮನುಷ್ಯನಿಗೆ ಗೊತ್ತಿರಲಿಲ್ಲ ಎಂದಾಗಿದ್ದರೆ ನಾನು ಇಷ್ಟು ವರ್ಷ ಉರಿಯುತ್ತಿರಲಿಲ್ಲ. ಅವರಿಗೆ ಚೆನ್ನಾಗಿ ಗೊತ್ತಿತ್ತು. ಯಾವ ಮಗುವಿಗೆ ಬೇಡ ಎಂಬುದನ್ನೂ ಅವರೇ ತೀರ್ಮಾನಿಸಿದ್ದರು.

ಮರು ವರ್ಷ ತನಿಖೆ ಬಂದದ್ದು ಕೊಯ್ಲಿನ ಸಮಯದಲ್ಲಿ. ಗಿಡಗಳಲ್ಲಿ ಹಣ್ಣು ಕೆಂಪಾಗಿ ತುಂಬಿತ್ತು. ಕೊಯ್ಯುವುದು ತಡವಾದರೆ ಉದುರಿ ಹಾಳಾಗುತ್ತದೆ. ಮತ್ತೆ ಆ ಇಬ್ಬರು ಆಳುಗಳು ಸುಣ್ಣದ ಬಕೆಟ್ಟು ಹಿಡಿದು ಬಂದಾಗ ನನಗೆ ಎಲ್ಲ ಅರ್ಥವಾಯಿತು. ಸಂಜೆ ಮಕ್ಕಳನ್ನು ಕರೆದೊಯ್ಯಲು ಬಂದ ಹೆಂಗಸರಿಗೆ ಹೇಳಿದೆ: "ನಾಳೆ ಜೀಪು ಬರ್ತದೆ. ಆಟದ ಸಾಮಾನು ಬರ್ತದೆ. ಸಾಹೇಬ್ರು ಹೋದ ಮೇಲೆ ಹೋಗ್ತದೆ. ನಾನು ಈ ಸಲ ಒಳಗೆ ತಗೊಳ್ಳೋದಿಲ್ಲ. ನನ್ನ ಕೆಲ್ಸ ಹೋಗ್ಬಹುದು. ನಿಮ್ಗೆ ಗೊತ್ತಿರ್ಲಿ ಅಂತ ಹೇಳಿದೆ."

ಆ ಹುಡುಗಿಯ ಅಮ್ಮ ಕೇಳಿದಳು: "ನೀವು ಒಬ್ರೇ ಯಾಕೆ ಟೀಚ್ರೇ?"

 ಉತ್ತರಕ್ಕೆ ಅವಳು ಕಾಯಲಿಲ್ಲ. ಉಳಿದವರನ್ನು ಕರೆದುಕೊಂಡು ಲೈನಿನ ಕಡೆ ನಡೆದಳು.

ಮರುದಿನ ಬೆಳಿಗ್ಗೆ ನಾನು ಬಸ್ಸಿಳಿದು ಹೋದಾಗ, ಹಾಜರಿ ಕೂಗುವ ಅಂಗಳದಲ್ಲಿ ಹೆಂಗಸರೆಲ್ಲ ಮಕ್ಕಳನ್ನು ಸೊಂಟದಲ್ಲಿಟ್ಟುಕೊಂಡು ನಿಂತಿದ್ದರು. ಮೇಸ್ತ್ರಿ ಹೆಸರು ಕೂಗುತ್ತಿದ್ದ, ಯಾರೂ ಓಗೊಡುತ್ತಿರಲಿಲ್ಲ. ಬುಟ್ಟಿಗಳು ನೆಲದ ಮೇಲಿದ್ದವು. ಆಯಾ ಅಜ್ಜಿಯೂ ಅವರ ನಡುವೆ ನಿಂತಿದ್ದರು. ಮಕ್ಕಳ ಮನೆಯ ಬಾಗಿಲಿಗೆ ಬೀಗ ಹಾಕಿ ಚಾವಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದರು.

ಜೀಪು ಬಂದು ನಿಂತಿತು. ಡ್ರೈವರ್ ಇಳಿದು, ಬೀಗ ನೋಡಿ, ನನ್ನ ಮುಖ ನೋಡಿ, ಏನನ್ನೂ ಇಳಿಸದೆ ಜೀಪಿಗೇ ಒರಗಿ ನಿಂತುಕೊಂಡ. ರೈಟರು ಓಡಿ ಹೋಗಿ ಧಣಿಗಳನ್ನು ಕರೆತಂದರು.

"ಏನಿದು? ಯಾರು ಹೇಳ್ಕೊಟ್ಟಿದ್ದು ಇವಕ್ಕೆ?" ಎಂದು ಧಣಿಗಳು ನನ್ನ ಕಡೆ ತಿರುಗಿದರು. "ನಿನ್ನ ಅಪ್ಪನ ಗ್ಯಾರೇಜಿಗೆ ನನ್ನ ಜೀಪು ಬರೋದು ಗೊತ್ತಿದೆಯಲ್ಲ?"

 "ಗೊತ್ತಿದೆ ಸಾರ್," ಎಂದೆ.

ಹುಡುಗಿಯ ಅಮ್ಮ ಮುಂದೆ ಬಂದಳು. ಧಣಿಗಳ ಎದುರು ಅಷ್ಟು ಹತ್ತಿರ ಕೂಲಿ ಹೆಂಗಸು ನಿಂತದ್ದನ್ನು ನಾನು ಅದಕ್ಕೆ ಮುಂಚೆ ನೋಡಿರಲಿಲ್ಲ. ಮಗು ಸೊಂಟದಲ್ಲಿತ್ತು.

"ಯಾರೂ ಹೇಳ್ಕೊಟ್ಟಿಲ್ಲ ಧಣಿ. ನಮ್ಮ ಮಕ್ಳನ್ನ ಆ ವಿಷದ ಪಕ್ಕ ಇನ್ನು ಕೂರಿಸುದಿಲ್ಲ. ಗಾಳಿ ಬೆಳಕು ಇರುವ ಬೇರೆ ಕೋಣೆ ಕೊಡಿ. ಕುಡೀಲಿಕ್ಕೆ ಹಾಲು ಕೊಡಿ. ಆಟದ ಸಾಮಾನು ಕೊಟ್ರೆ ಅಲ್ಲೇ ಇರ್ಬೇಕು. ಇಲ್ದಿದ್ರೆ ತರ್ಲೇಬೇಡಿ. ಕೊಡುವವರೆಗೆ ನಾವು ಗಿಡಕ್ಕೆ ಕೈ ಹಾಕುದಿಲ್ಲ."

"ಹಾಕ್ಬೇಡ. ಬೇರೆ ಆಳು ತರಿಸ್ತೀನಿ."

"ತರಿಸಿ. ಅಷ್ಟ್ರಲ್ಲಿ ಹಣ್ಣು ಉದುರ್ತದೆ."

ಅದನ್ನು ಅವಳು ಬೆದರಿಕೆಯ ಹಾಗೆ ಹೇಳಲಿಲ್ಲ. ಮಳೆ ಬರ್ತದೆ ಎಂದು ಹೇಳುವ ಹಾಗೆ ಹೇಳಿದಳು. ಧಣಿಗಳ ಮುಖ ಕೆಂಪಾಯಿತು. ಅವರು ಬಾಯಿ ತೆರೆಯುವಷ್ಟರಲ್ಲಿ ಇನ್ಸ್‌ಪೆಕ್ಟರ ಗಾಡಿ ಬಂತು.

ಆ ಮನುಷ್ಯ ಇಳಿದು ನೋಡಿದರು. ಅಂಗಳದ ತುಂಬ ಹೆಂಗಸರು, ಮಕ್ಕಳು. ಒಂದು ಕಡೆ ಬೀಗ ಹಾಕಿದ ಬಾಗಿಲು. ಇನ್ನೊಂದು ಕಡೆ ಜೀಪಿನ ಹಿಂಬದಿಯಲ್ಲಿ ಕಾಣುತ್ತಿದ್ದ ಕುದುರೆಯ ತಲೆ. ವಿವರಿಸಿ ಹೇಳಬೇಕಾದ್ದು ಏನೂ ಉಳಿದಿರಲಿಲ್ಲ. ಅವರು ನನ್ನನ್ನು ಪಕ್ಕಕ್ಕೆ ಕರೆದು ತಗ್ಗಿದ ದನಿಯಲ್ಲಿ ಕೇಳಿದರು:

"ಇದನ್ನೆಲ್ಲ ಹೋದ ವರ್ಷವೇ ಯಾಕಮ್ಮಾ ಹೇಳ್ಲಿಲ್ಲ?"

"ನೀವು ಕೇಳ್ಲಿಲ್ಲ ಸಾರ್," ಎಂದೆ. "ಬಾಗ್ಲಲ್ಲೇ ನಿಂತು ಊಟಕ್ಕೆ ಹೋದ್ರಿ."

ಅವರು ಆ ದಿನ ಬಂಗಲೆಗೆ ಊಟಕ್ಕೆ ಹೋಗಲಿಲ್ಲ. ಅಷ್ಟನ್ನು ಮಾತ್ರ ಅವರ ಪರವಾಗಿ ಹೇಳಬಲ್ಲೆ. ಬೀಗ ತೆಗೆಸಿ, ಒಳಗೆ ಹೋಗಿ, ಬಿರುಕು ನೋಡಿ, ಧಣಿಗಳ ಜೊತೆ ಆಫೀಸಿನಲ್ಲಿ ಕೂತು ಏನೋ ಮಾತಾಡಿ ಹೋದರು. ಹೆಂಗಸರು ಅಂಗಳ ಬಿಡಲಿಲ್ಲ. ಮಧ್ಯಾಹ್ನ ಲೈನಿನಿಂದ ಗಂಜಿ ತಂದು ಅಲ್ಲೇ ಮಕ್ಕಳಿಗೆ ಕುಡಿಸಿದರು. ನನಗೂ ಒಂದು ಲೋಟ ಕೊಟ್ಟರು. ಬಿಸಿಲು ಇಳಿಯುವ ಹೊತ್ತಿಗೆ ರೈಟರು ಬಂದು, ಎಲ್ಲೋ ನೋಡುತ್ತ ಹೇಳಿದರು: "ಹಳೇ ಗಾಡಿ ಶೆಡ್ಡು ಖಾಲಿ ಮಾಡಿಸ್ತಾರಂತೆ. ನಾಳೆ ಕೆಲ್ಸಕ್ಕೆ ಬನ್ನಿ."

ಗೆದ್ದೆವು ಎಂದು ಕುಣಿಯುವ ಹಾಗೇನೂ ಇರಲಿಲ್ಲ. ಗಾಡಿ ಶೆಡ್ಡಿಗೆ ಎರಡು ಕಡೆ ಕಿಟಕಿ ಇಡಿಸಿದರು, ಮಗುವಿನ ಎದೆ ಎತ್ತರಕ್ಕೆ. ಅದಕ್ಕೆ ನಾನು ಗಾರೆ ಮೇಸ್ತ್ರಿಯ ಜೊತೆ ಜಗಳವಾಡಬೇಕಾಯಿತು, ಕಿಟಕಿ ಅಷ್ಟು ಕೆಳಗೆ ಯಾರು ಇಡ್ತಾರೆ ಎಂದು ಅವನ ವಾದ. ಹಾಲು ಬಂತು, ನೀರು ಹೆಚ್ಚಾಗಿದ್ದರೂ ಬಂತು. ಕೊಯ್ಲಿನ ಹೊತ್ತಿನಲ್ಲಿ ಹೆಂಗಸರನ್ನು ಮತ್ತೆ ಕೆಣಕುವುದು ಬೇಡ ಎಂದೋ ಏನೋ, ನನ್ನ ಕೆಲಸವೂ ಉಳಿಯಿತು. ಬಂಗಲೆಯ ಆಟಿಕೆಗಳು ತನಿಖೆಯ ದಿನವೇ ಜೀಪಿನಲ್ಲೇ ಬಂಗಲೆಗೆ ಹೋದವು. ಅದು ಆ ತೋಟದಲ್ಲಿ ಅವುಗಳ ಕೊನೆಯ ಪ್ರಯಾಣ. ಅಬ್ಬನ ಗ್ಯಾರೇಜಿಗೆ ಆ ತೋಟದ ಜೀಪು ಮತ್ತೆ ಬರಲಿಲ್ಲ. ಅವರ ನೆಂಟರ ತೋಟಗಳ ಜೀಪುಗಳೂ ನಿಂತವು. ಮನೆಯಲ್ಲಿ ಅಮ್ಮಿ ಕೆಲವು ದಿನ ನನ್ನ ಜೊತೆ ಮಾತು ಬಿಟ್ಟರು. ಅಬ್ಬ ಮಾತ್ರ ಒಮ್ಮೆಯೂ ಆ ವಿಷಯ ಎತ್ತಲಿಲ್ಲ. ನಾನೇ ತಡೆಯಲಾರದೆ ಕೇಳಿದಾಗ, "ಮಕ್ಕಳು ಹೇಗಿದ್ದಾರೆ ಈಗ?" ಎಂದು ಕೇಳಿ ಊಟ ಮುಂದುವರಿಸಿದರು.

ಹುಡುಗಿ ಅಲ್ಲಿಂದ ಮುಂದೆ ಎರಡು ವರ್ಷ ನನ್ನ ಜೊತೆ ಇದ್ದಳು. ತುಳು, ಕನ್ನಡ, ಪಕ್ಕದ ಲೈನಿನ ತಮಿಳು, ನನ್ನ ಬಾಯಿಂದ ಕದ್ದ ನಾಲ್ಕು ಉರ್ದು ಮಾತು, ಎಲ್ಲವನ್ನೂ ಕಲಸಿ ಮಾತನಾಡುತ್ತಿದ್ದಳು. ಹೊಸದಾಗಿ ಬಂದ ಮಕ್ಕಳ ಕೈಹಿಡಿದು ಹಳ್ಳದ ಬದಿಗೆ ಕರೆದೊಯ್ದು, ಎಲ್ಲಿ ಏಡಿ ಇರುತ್ತದೆ, ಯಾವ ಕಲ್ಲು ಜಾರುತ್ತದೆ ಎಂದು ತೋರಿಸುತ್ತಿದ್ದಳು. ಆರು ವರ್ಷ ದಾಟಿದಾಗ ಶಾಲೆಗೆ ಸೇರಿಸಬೇಕು ಎಂದು ನಾನು ಮತ್ತು ಅವಳ ಅಮ್ಮ ಮಾತಾಡಿಕೊಂಡಿದ್ದೆವು. ಆ ಹೊತ್ತಿಗೆ ಬಂಗಲೆಯಿಂದ ಹೇಳಿಕಳಿಸಿದರು. ಚಿಕ್ಕಮಗಳೂರಿನ ಮನೆಯಲ್ಲಿ ಹೊಸದಾಗಿ ಹುಟ್ಟಿದ ಕೂಸನ್ನು ಆಡಿಸಲು ಒಂದು ಚುರುಕು ಹುಡುಗಿ ಬೇಕಂತೆ. ಈ ಹುಡುಗಿ ಚುರುಕಾಗಿದ್ದಾಳಂತೆ.

 ಒಂದು ಮಗುವನ್ನು ಅರಳಿಸಿದ್ದು ಇದಕ್ಕಾ? ಇವರ ಕೂಸಿನ ತೊಟ್ಟಿಲು ತೂಗಲಿಕ್ಕಾ?

ಅವಳ ಅಮ್ಮ ಬಂಗಲೆಗೆ ಹೋಗಿ ಆಗುವುದಿಲ್ಲ ಎಂದು ಹೇಳಿ ಬಂದಳು. ನಾನು ಜೊತೆಗೆ ಬರುತ್ತೇನೆ ಎಂದರೂ ಬೇಡ ಎಂದಳು. ಮರುದಿನದಿಂದ ಅವಳನ್ನು ತೋಟದ ತುತ್ತತುದಿಯ ಕಡಿದಾದ ಭಾಗಕ್ಕೆ ಕೆಲಸಕ್ಕೆ ಹಾಕಿದರು. ಲೈನು ಮನೆಯ ಹೆಂಚು ಒಡೆದದ್ದನ್ನು ಸರಿಮಾಡಿಸಲಿಲ್ಲ. ಆ ಮಳೆಗಾಲ ಕಳೆದ ಮೇಲೆ ಅವಳು ಗಂಟು ಕಟ್ಟಿದಳು. ಸಂಸೆಯ ಕಡೆ ಒಂದು ಸಣ್ಣ ತೋಟದಲ್ಲಿ ಕೆಲಸ ಸಿಕ್ಕಿದೆ, ನಡೆದು ಹೋಗುವಷ್ಟು ದೂರದಲ್ಲಿ ಸರಕಾರಿ ಶಾಲೆ ಇದೆ ಎಂದಳು.

ಗೇಟಿನ ಹತ್ತಿರ ಬಸ್ಸಿಗೆ ಕಾಯುವಾಗ ಅವಳು ಹೇಳಿದ್ದು ಒಂದೇ ಮಾತು. "ನೀವು ಬೇಜಾರು ಮಾಡ್ಬೇಡಿ ಟೀಚ್ರೇ. ಇದನ್ನು ಶಾಲೆಗೆ ಹಾಕ್ತೇನೆ."

ಹಾಕಿದಳು. ಸಂಸೆಯ ಕಡೆಯಿಂದ ಗ್ಯಾರೇಜಿಗೆ ಬಂದ ಒಬ್ಬ ಜೀಪು ಡ್ರೈವರ್ ಅದನ್ನು ಅಬ್ಬನಿಗೆ ಹೇಳಿದ್ದ. ಅದರಾಚೆಗೆ ನನಗೆ ಏನೂ ಗೊತ್ತಾಗಲಿಲ್ಲ.

ಒಂದು ಹೆಂಗಸು ತನ್ನ ಮಗುವನ್ನು ಮಗುವಾಗಿ ಇಟ್ಟುಕೊಳ್ಳಲು ಊರು ಬಿಡಬೇಕಾಯಿತು. ಇದನ್ನು ನಾನು ಯಾವ ಭಾಷಣದಲ್ಲೂ ಕೇಳಿಲ್ಲ. ಸಂಜೆ ಮನೆಗೆ ಹೋಗಿ ಮಗುವಿನ ಜೊತೆ ಮಾತಾಡಿ, ಕಥೆ ಹೇಳಿ ಎಂದು ತಾಯಂದಿರಿಗೆ ಉಪದೇಶ ಮಾಡುತ್ತಾರೆ. ದಿನವಿಡೀ ಗುಡ್ಡದಲ್ಲಿ ಬಾಗಿ ನಿಂತ ಹೆಂಗಸಿನ ಸೊಂಟದ ಬಗ್ಗೆ ಒಂದು ಮಾತಿಲ್ಲ.

ನಾನು ಆ ತೋಟದಲ್ಲಿ ಇನ್ನೂ ಕೆಲವು ವರ್ಷ ಇದ್ದೆ. ಮದುವೆಯಾಗಿ ಮೂಡಿಗೆರೆಗೆ ಬಂದ ಮೇಲೆ ಅಲ್ಲಿನ ಬಾಲವಾಡಿಯಲ್ಲಿ ಕೆಲಸಕ್ಕೆ ಸೇರಿದೆ. ಎಂಬತ್ತರ ದಶಕ ಮುಗಿಯುತ್ತಿದ್ದ ಕಾಲ. ಒಂದು ಮಧ್ಯಾಹ್ನ ಮೂಡಿಗೆರೆ ಬಸ್ ಸ್ಟ್ಯಾಂಡಿನಲ್ಲಿ ರೈಟರು ಸಿಕ್ಕರು. ಕೆಲಸ ಬಿಟ್ಟಿದ್ದರು, ತುಂಬ ಸೊರಗಿದ್ದರು. ಗುರುತು ಹಿಡಿದು ಅವರೇ ಮಾತಾಡಿಸಿದರು. ಧಣಿಗಳು ತೀರಿಕೊಂಡರು, ತೋಟ ಪಾಲಾಯಿತು ಎಂದೆಲ್ಲ ಹೇಳಿದರು. ಮಕ್ಕಳ ಮನೆ ಇನ್ನೂ ಅದೇ ಶೆಡ್ಡಿನಲ್ಲಿ ನಡೆಯುತ್ತಿದೆ ಎಂದರು. ನಾನು ಹೂಂ ಎನ್ನುತ್ತಿದ್ದೆ. ಅವರು ನನ್ನ ಮುಖ ನೋಡಿ ನಕ್ಕರು.

"ನಿಮ್ಗೆ ಆಗಿನ ಸಿಟ್ಟು ಇನ್ನೂ ಇಳಿದಿಲ್ಲ ಅಂತ ಕಾಣ್ತದೆ ಟೀಚರಮ್ಮ. ಎಲ್ಲ ಹಳೇ ಕಥೆ ಆಯ್ತಲ್ಲ."

"ಇಳಿದಿಲ್ಲ ಸಾರ್," ಎಂದೆ.

 ಅವರ ಬಸ್ಸು ಬಂತು. ಚೀಲ ಎತ್ತಲು ಕಷ್ಟಪಡುತ್ತಿದ್ದರು, ನಾನು ಎತ್ತಿ ಕೊಟ್ಟೆ. ಆದರೆ ನಗಲಿಲ್ಲ.